ಡೀಸೆಲ್ ಇಲ್ಲದ ದಿನಗಳಲ್ಲಿ ನಮ್ಮಪ್ಪ

ಊರಲ್ಲಿ ನಗುವಂಥದ್ದು ಏನೇ ಆಗಲಿ, ನಾನು ಅಲ್ಲಿಗೆ ಬಂದು ನಿಂತಿದ್ದೀನೋ ಇಲ್ಲವೋ ಅಂತ ಒಮ್ಮೆ ನೋಡಿಕೊಂಡೇ ಆಗುತ್ತದೆ. ನಾನು ಬರುವುದು ತಡವಾದರೆ ಕಾಯುತ್ತದೆ ಕೂಡ. ಅದಕ್ಕೇ ಜನ ಏನು ಎಡವಟ್ಟಾದರೂ ಮೊದಲು ನನ್ನ ಕಡೆ ನೋಡುತ್ತಾರೆ. ಅರ್ಧ ಸಲ ಅವರ ಅನುಮಾನ ಸುಳ್ಳು. ಇನ್ನರ್ಧದ ಬಗ್ಗೆ ಈಗ ಬೇಡ.

ಹತ್ತನೇ ಇಯತ್ತೆಯಲ್ಲಿ ಗಣಿತಕ್ಕೂ ನನಗೂ ಮಾತು ಬಿಟ್ಟಿತು. ಆಮೇಲೆ ಸಿಂಧನೂರಿನ ಹೊರಗೆ, ಮಸ್ಕಿ ರಸ್ತೆಯ ಒಂದು ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದು ನಿಂತೆ. ನಮ್ಮಪ್ಪ ಲಾರಿ ಡ್ರೈವರ್. ಮಿಲ್ಲಿನ ಅಕ್ಕಿ ಹೇರಿಕೊಂಡು ಪುಣೆಗೋ ಇನ್ನೆಲ್ಲಿಗೋ ಹೋಗುತ್ತಾನೆ, ಬರುತ್ತಾನೆ, ಉಂಡು ಮಲಗುತ್ತಾನೆ, ಎದ್ದು ಮತ್ತೆ ಹೋಗುತ್ತಾನೆ. ಅವ್ವ ನಾನು ಸಣ್ಣವನಿದ್ದಾಗಲೇ ತೀರಿಕೊಂಡಳು. ಹಾಗಾಗಿ ಮನೆಯಲ್ಲಿ ಇರುವುದು ನಾನು ಮತ್ತು ಒಂದು ಗೋಡೆ ಗಡಿಯಾರ. ಗಡಿಯಾರ ನಿಂತು ಎಷ್ಟೋ ಕಾಲವಾಯಿತು. ಸಪ್ಪಳ ಮಾಡುವವನು ನಾನೊಬ್ಬನೇ.

ಈ ಬೇಸಿಗೆಯಲ್ಲಿ ಟ್ಯಾಂಕರಿನವರು ಮುಷ್ಕರ ಹೂಡಿದರು. ಪೆಟ್ರೋಲಿಲ್ಲ, ಡೀಸೆಲ್ಲಿಲ್ಲ, ಗ್ಯಾಸಿಲ್ಲ. ಟ್ಯಾಂಕರ್ ಬರಲಿ ಅಂತ ಊರಿಗೆ ಊರೇ ಬೇಡಿಕೊಳ್ಳುತ್ತಿತ್ತು. ಬರದೇ ಇರಲಿ ಅಂತ ಬೇಡಿಕೊಂಡವನು ನಾನೊಬ್ಬನೇ. ಯಾಕಂದರೆ ಮುಷ್ಕರ ಶುರುವಾದ ದಿನ ನಮ್ಮಪ್ಪ ಊರಲ್ಲಿದ್ದ, ಲಾರಿಗೆ ಅಕ್ಕಿ ಹೇರಿಯಾಗಿತ್ತು, ಆದರೆ ಟ್ಯಾಂಕಿನ ತಳ ಕಾಣುತ್ತಿತ್ತು. ಟ್ಯಾಂಕರ್ ಬರುವ ತನಕ ಅಪ್ಪ ಮನೆಯಲ್ಲಿ. ಟ್ಯಾಂಕರ್ ಬಂತೆಂದರೆ ಅಪ್ಪ ಹೋದ. ಇಷ್ಟು ಲೆಕ್ಕಕ್ಕೆ ಹತ್ತನೇ ಇಯತ್ತೆ ಪಾಸಾಗಬೇಕಿಲ್ಲ.

ಚಪ್ಪಲಿಗಳ ಪಾಳಿ

ನಮ್ಮ ಕಡೆ ರೇಷನ್ ಅಂಗಡಿಯಿರಲಿ, ನಳದ ನೀರಿರಲಿ, ಪಾಳಿಗೆ ಮನುಷ್ಯ ನಿಲ್ಲುವುದಿಲ್ಲ. ಕೊಡ ನಿಲ್ಲುತ್ತದೆ, ಚೀಲ ನಿಲ್ಲುತ್ತದೆ, ಏನೂ ತರದವನ ಚಪ್ಪಲಿ ನಿಲ್ಲುತ್ತದೆ. ಮನುಷ್ಯ ನೆರಳಲ್ಲಿ ಕೂತು ಮಂದಿಯ ಸುದ್ದಿ ಮಾತಾಡುತ್ತಾನೆ.

ಬಂಕಿನ ಬಾಯಿಗೆ ಹಗ್ಗ ಕಟ್ಟಿ ‘ಸ್ಟಾಕ್ ಇಲ್ಲ’ ಅಂತ ಹಲಗೆ ತೂಗುಹಾಕಿದ್ದೆವು. ಎಲ್ಲರೂ ಅದನ್ನು ಗಟ್ಟಿಯಾಗಿ ಓದಿ, ಹಗ್ಗ ದಾಟಿ ನನ್ನ ಹತ್ತಿರ ಬಂದು ಕೇಳುತ್ತಿದ್ದರು.

“ಸ್ಟಾಕ್ ಇಲ್ಲೇನು?”

“ಇಲ್ರಿ.”

“ಒಟ್ಟ ಇಲ್ಲ?”

“ಒಟ್ಟ ಇಲ್ರಿ.”

“ಆತು, ಹಂಗಾರ ನನಗಷ್ಟ ಒಂದೀಟು ಹಾಕು.”

ಮುಕ್ಕುಂದದ ರೈತನೊಬ್ಬ ಪೈಪಿನ ಮೂತಿಗೆ ಕಣ್ಣಿಟ್ಟು ನೋಡಿದ. “ಇದರಾಗ ಕಡೀಕ ಉಳದಿರ್ತೈತಿ. ಎಮ್ಮಿ ಹಿಂಡಿದಂಗ ಹಿಂಡಲೇ ತಮ್ಮಾ” ಅಂದ.

“ಮೊದ್ಲ ಕರಾ ಬಿಡ್ರಿ ಕಾಕಾ, ತೊರಿ ಬಿಡತೈತೇನು ನೋಡೂಣು” ಅಂದೆ. ಅವನು ನಗಲಿಲ್ಲ. ತನ್ನ ಬೈಕನ್ನು ಒಂದು ಮಗ್ಗುಲಿಗೆ ಮಲಗಿಸಿ, ಎಬ್ಬಿಸಿ, ಟ್ಯಾಂಕಿನ ಬಾಯಿಗೆ ಬಾಯಿಟ್ಟು ಊದಿ, ಒದ್ದು, ಕೊನೆಗೆ ತಾನೂ ಒಂದು ಚಪ್ಪಲಿ ಬಿಟ್ಟು ನೆರಳಿಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಬಂಕಿನ ಮುಂದೆ ಚಪ್ಪಲಿ, ಕ್ಯಾನು, ಬಾಟಲಿಗಳದ್ದೇ ಒಂದು ಮೆರವಣಿಗೆ. ಒಂದು ನಾಯಿ ಬಂತು. ಎಲ್ಲವನ್ನೂ ಮೂಸಿ ನೋಡಿ ಮುಕ್ಕುಂದದ ಕಾಕಾನ ಚಪ್ಪಲಿಯೇ ಚಲೋ ಅನಿಸಿ ಅದನ್ನು ಕಚ್ಚಿಕೊಂಡು ಓಡಿತು. ಕಾಕಾ ಹಿಂದೆ ಓಡಿದ. ನಾಯಿ ಬಂಕಿನ ಹಿಂದಿನ ಗೋಡೆಯ ಹತ್ತಿರ ಚಪ್ಪಲಿ ಬಿಟ್ಟು ಹೋಯಿತು. ಕಾಕಾ ಅದನ್ನು ಹಾಕಿಕೊಂಡು ಗೋಡೆಗೆ ಒರಗಿ ಏದುಸಿರು ಬಿಡುತ್ತ ನಿಂತ.

ನೆರಳಲ್ಲಿ ಕೂತ ಒಬ್ಬ ಅದನ್ನು ನೋಡಿದ. “ಲೇ, ಹಿಂದ ಕೊಡಾಕತ್ತಾರ!” ಅಂದ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅಷ್ಟೂ ಕ್ಯಾನು ಕಾಕಾನ ಬೆನ್ನಿಗೆ ಹತ್ತಿದವು. ಕಾಕಾಗೆ ಯಾಕೆ ಅಂತ ಗೊತ್ತಾಗಲಿಲ್ಲ. ಆದರೆ ಜೀವಮಾನದಲ್ಲಿ ಮೊದಲ ಸಲ ಪಾಳಿಯ ಮುಂದೆ ನಿಂತಿದ್ದ, ಹಾಗಾಗಿ ಅಲ್ಲಾಡಲಿಲ್ಲ.

ಚಹಾ ಕುಡಿಯಲು ಹೋಗಿದ್ದ ನಮ್ಮ ಮ್ಯಾನೇಜರ್ ವಾಪಸ್ ಬಂದ. ಹಿಂದುಗಡೆ ಪಾಳಿ ನೋಡಿದ. ಸದ್ದಿಲ್ಲದೆ ಒಳಗೆ ಹೋಗಿ ಒಂದು ಕ್ಯಾನ್ ತಂದು ಎಲ್ಲರ ಕೊನೆಗೆ ನಿಂತ.

“ಸರ್, ಇದು ನಮ್ಮ ಬಂಕ್ ರೀ” ಅಂದೆ.

“ಗೊತ್ತೈತಿ, ಸುಮ್ನಿರು” ಅಂದ ಮೆಲ್ಲಗೆ, “ಪಾಳಿ ತಪ್ಪತೈತಿ.”

ಕಟ್ಟೆಯಿಂದ ಬಂದ ಫೋನು

ಅಪ್ಪ ಮನೆಯಲ್ಲಿದ್ದ ಅಂದೆನಲ್ಲ, ಅದು ನೋಡುವಂಥದ್ದು.

ಮಂಚ ದೊಡ್ಡದಿದೆ, ಆದರೂ ಲಾರಿ ಕ್ಯಾಬಿನ್ನಿನ ಸೀಟಿನಷ್ಟೇ ಜಾಗದಲ್ಲಿ ಮುದುಡಿ ಮಲಗುತ್ತಾನೆ. ಬೆಳಿಗ್ಗೆ ಎದ್ದು ಮಂಚದ ಕಾಲುಗಳನ್ನು ಒಂದೊಂದೇ ಒದ್ದು ನೋಡಿದ. ಗಾಳಿ ಸರಿಯಿದೆಯೋ ಇಲ್ಲವೋ ಅಂತ ಇರಬೇಕು. ಬಚ್ಚಲಿಗೆ ಹೋಗುವಾಗ ಸೋಪು ಟವೆಲ್ಲು ಒಂದು ಚೀಲದಲ್ಲಿ ಹಾಕಿಕೊಂಡು ಹೋದ. “ಯಪ್ಪಾ, ಇಲ್ಲೆ ಯಾರೂ ಕದಿಯಂಗಿಲ್ಲ” ಅಂದೆ. “ಇರಲಿ, ರೂಢಿ” ಅಂದ.

ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಕೇಳಿದ. ತೋರಿಸಿದೆ. ದೀಪದ ಬಟನ್ ಯಾವುದು ಅಂತ ಕೇಳಿದ. ತೋರಿಸಿದೆ. ಆಮೇಲೆ ಬಹಳ ಯೋಚನೆ ಮಾಡಿ ಕೇಳಿದ: “ನೀ ಈಗ ಎಷ್ಟನೇ ಇಯತ್ತೆ?”

“ಸಾಲಿ ಬಿಟ್ಟು ಬಂಕಿನ್ಯಾಗ ಅದೀನಿ. ನಿನ್ನ ಗಾಡಿಗೆ ಹಾಕ್ಯೀನಲ್ಲೋ ಡೀಸೆಲ್!”

“ಹೌದೌದು. ಸೂಟಿ ಅದಾವು, ಅದಕ್ಕ ಬಂದಿರಬೇಕಂತ ಮಾಡಿದ್ದೆ.”

ಇಷ್ಟಾದ ಮೇಲೆ ಇಬ್ಬರಿಗೂ ಮಾತು ಮುಗಿಯಿತು. ಫೋನಿನಲ್ಲಿ ನಾವು ದಿನಾ ಮಾತಾಡುತ್ತೇವೆ. ಅವನು ಯಾವುದೋ ಘಾಟಿನ ಕೆಳಗೆ ನಿಂತು ‘ಉಂಡ್ಯಾ’ ಅನ್ನುತ್ತಾನೆ, ನಾನು ಇಲ್ಲಿ ಗೋಡೆಗೆ ಒರಗಿ ‘ಹ್ಞೂಂ’ ಅನ್ನುತ್ತೇನೆ. ಎದುರೆದುರು ಕೂತು ಮಾತಾಡಿ ನಮಗೆ ಅಭ್ಯಾಸವಿಲ್ಲ. ಊರಲ್ಲಿ ಒಂದು ಗಾಡಿಯ ಸದ್ದೂ ಇಲ್ಲ. ನಮ್ಮ ಓಣಿಯಲ್ಲಿ ಇಷ್ಟು ಕಾಗೆಗಳಿವೆ ಅಂತ ನನಗೆ ಆವತ್ತೇ ಗೊತ್ತಾದದ್ದು. ಅವನು ಕಾಗೆ ಕೇಳುತ್ತ ಕೂತ, ನಾನು ಅವನು ಕಾಗೆ ಕೇಳುವುದನ್ನು ನೋಡುತ್ತ ಕೂತೆ.

ಕೊನೆಗೆ ಎದ್ದು ಹೊರಗೆ ಹೋದ. ನನ್ನ ಫೋನು ಬಡಿಯಿತು. ನಮ್ಮಪ್ಪನದೇ.

“ಉಂಡ್ಯಾ?”

“ಹ್ಞೂಂ. ಈಗ ನಿನ್ನ ಜೋಡೀನ ಉಂಡ್ನೆಲ್ಲ.”

“ಮತ್ತ ಏನ್ ಮಾಡಾಕತ್ತಿ?”

“ಸುಮ್ನ ಕುಂತೀನಿ. ನೀ ಎಲ್ಲಿದ್ದಿ?”

“ಕಟ್ಟಿ ಮ್ಯಾಲೆ.”

ಬಾಗಿಲ ಸಂದಿಯಿಂದ ಅವನ ಬೆನ್ನು ಕಾಣುತ್ತಿತ್ತು. ಆಮೇಲೆ ಮಾತಾಡಿದೆವು ನೋಡಿ, ಬಾಯಿ ತುಂಬ! ಪುಣೆಯ ಮಳೆ, ಅಲ್ಲಿನ ಹಮಾಲರು, ನನ್ನ ಮ್ಯಾನೇಜರಿನ ಪಾಳಿ, ಎಲ್ಲಾ. ನಡುವೆ ಅವನಿಗೆ ನೀರಡಿಕೆಯಾಯಿತು. ಫೋನು ಕಿವಿಗೇ ಹಿಡಿದುಕೊಂಡು ಒಳಗೆ ಬಂದ, ನನ್ನ ಪಕ್ಕದಿಂದಲೇ ಕೊಡದಲ್ಲಿ ನೀರು ಕುಡಿದ, ನನ್ನ ಮುಖ ನೋಡದೆ ಮತ್ತೆ ಕಟ್ಟೆಗೆ ಹೋದ.

“ಸ್ವಲ್ಪ ನೆಟ್‌ವರ್ಕ್ ಹೋಗಿತ್ತು” ಅಂದ. “ಈಗ ಹೇಳು.”

ಆರಿಸಲು ಬಾರದ ಉರಿ

ಬಾಜೂ ಮನೆಯ ಖಾಲಾನ ಗ್ಯಾಸ್ ಮುಗಿಯಿತು. ಅಂಗಳದಲ್ಲಿ ಇಟ್ಟಂಗಿ ಇಟ್ಟು ಒಲೆ ಹೂಡಿದಳು. ಹೊತ್ತಿಸಿದ್ದು ಅವಳ ಹೊಸ ಸೊಸೆ, ಲಿಂಗಸುಗೂರಿನ ಪೇಟೆಯಲ್ಲಿ ಬೆಳೆದವಳು, ಗ್ಯಾಸ್ ಬಿಟ್ಟು ಬೇರೆ ಉರಿ ಕಂಡವಳಲ್ಲ. ಅನ್ನ ಆಯಿತು. ಸೊಸೆ ಒಲೆಯ ಸುತ್ತ ಕೈ ಆಡಿಸಿದಳು. ತಿರುವಲು ಬಟನ್ ಸಿಗಲಿಲ್ಲ.

“ಅಮ್ಮೀ, ಇಸ್ಕು ಬಂದ್ ಕೈಸಾ ಕರ್ನಾ?” ಅಂತ ಅತ್ತೆಯನ್ನು ಕೂಗಿ ಕೇಳಿದಳು, ಇದನ್ನು ಆರಿಸುವುದು ಹೇಗೆ ಅಂತ.

ಖಾಲಾ ನಮಾಜಿಗೆ ಕೂತಿದ್ದಳು. ಉತ್ತರ ಕೊಡಲು ಅಲ್ಲಿ ಇದ್ದವನು ನಾನೊಬ್ಬನೇ, ಸೊಸೆಯ ಹಣೆಬರಹ. “ಇದು ಬಂದ್ ಆಗಂಗಿಲ್ಲ ಭಾಭಿ” ಅಂದೆ, “ಒಮ್ಮೆ ಹಚ್ಚಿದ ಮ್ಯಾಲೆ ತಾನಾಗೇ ಮುಗೀಬೇಕು. ಅಲ್ಲೀತನಕ ಏನರೆ ಇಡಬೇಕಾಗ್ತೈತಿ. ಇಲ್ಲಾಂದ್ರ ಉರಿ ವೇಸ್ಟ್.”

ಪಾಪ, ವೇಸ್ಟ್ ಅಂದರೆ ಯಾರ ಹೊಟ್ಟೆಯಾದರೂ ಉರಿಯುತ್ತದೆ. ಬೇಳೆ ಇಟ್ಟಳು. ತತ್ತಿ ಇಟ್ಟಳು. ಚಹಾ ಇಟ್ಟಳು. ಶ್ಯಾವಿಗಿ ಇಟ್ಟಳು. ಖಾಲಾ ನಮಾಜು ಮುಗಿಸಿ ಬಂದಾಗ ಅಂಗಳದ ತುಂಬ ಪಾತ್ರೆ. “ಅರೇ ಅಲ್ಲಾ, ಯಾರ ಮದುವಿ ಐತೇ ಇವತ್ತ?” ಅಂದಳು. ಕಾರಣ ತಿಳಿದು ನನ್ನ ಕಡೆ ಸೌಟು ಬೀಸಿದಳು. ಮಾಡಿದ್ದು ಕೆಡಬಾರದಲ್ಲ, ಆಮೇಲೆ ಅವಳೇ ಓಣಿಯವರನ್ನೆಲ್ಲ ಕೂಗಿದಳು.

ನಮ್ಮಪ್ಪನೂ ಬಂದು ಚಾಪೆಯ ಮೇಲೆ ಕೂತ. ಒಂದು ಕಡೆ ನಾನು, ಒಂದು ಕಡೆ ಅವನು, ನಡುವೆ ಓಣಿಯ ಮಂದಿ. ಇಬ್ಬರೇ ಉಣ್ಣುವಾಗ ತಟ್ಟೆ ಬಡಿಯುವ ಸದ್ದು ಎಷ್ಟು ದೊಡ್ಡದು ಅಂತ ಮಂದಿಯಲ್ಲಿ ಕೂತಾಗ ಗೊತ್ತಾಗುತ್ತದೆ. ಹೊಟ್ಟೆ ಬಿರಿಯುವಂತೆ ಉಂಡೆವು.

ಮರುದಿನ ಖಾಲಾ ನಮ್ಮ ಬಾಗಿಲಿಗೆ ಬಂದಳು. “ನೋಡು ಶೈತಾನ್, ಬೂದಿ ಕೆದರಿದ್ರ ಉರಿ ಇನ್ನಾ ಐತಿ” ಅಂದಳು, “ಮನ್ಯಾಗ ಅಕ್ಕಿ ಇಲ್ಲ!”

ಬಂತು ಟ್ಯಾಂಕರ್

ಒಂದು ಬೆಳಿಗ್ಗೆ ಯಾರೋ ಸುದ್ದಿ ತಂದರು: ಮಸ್ಕಿ ಕಡೆಯಿಂದ ಟ್ಯಾಂಕರ್ ಬರುತ್ತಿದೆ! ಊರು ಕ್ಯಾನ್ ಹಿಡಿದು ರಸ್ತೆಗೆ ಬಿತ್ತು. ಅಪ್ಪ ಆಗಷ್ಟೇ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಕಲಿತಿದ್ದ.

ಬಂಕಿನ ಮಾಳಿಗೆ ಹತ್ತಿ ನೋಡಿದೆ. ಟ್ಯಾಂಕರ್ ಬರುತ್ತಿದ್ದುದು ನಿಜ. ಹತ್ತಿರ ಬಂದಂತೆ ಗುರುತು ಹತ್ತಿತು. ಪಾಯಖಾನೆ ಗುಂಡಿ ಖಾಲಿ ಮಾಡುವ ಟ್ಯಾಂಕರ್. ಅದರ ಹಿಂದೆ ಸುತ್ತಿಟ್ಟ ದಪ್ಪ ಪೈಪು ನನಗೆ ಚೆನ್ನಾಗಿ ಗೊತ್ತು. ಅಬ್ಬ, ಆವತ್ತಿನಷ್ಟು ಸಂತೋಷದಿಂದ ಆ ಗಾಡಿಯನ್ನು ಲೋಕದಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಸಂತೋಷ ಹೆಚ್ಚಾದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

“ಅದ ನೋಡ್ರಿ, ಬಂತು! ಬಿಡಬ್ಯಾಡ್ರಿ!” ಅಂತ ಮೇಲಿಂದ ಕೂಗಿದೆ.

ಜನ ಸುತ್ತುವರಿದರು. ಒಬ್ಬ ಬಾನೆಟ್ಟಿನ ಮುಂದೆ ಅಡ್ಡ ಮಲಗಿದ. ಡ್ರೈವರ್ ನಡುಗಿಹೋದ. ಹಳ್ಳದ ದಂಡೆಗೆ ಅವನು ಕದ್ದು ಚೆಲ್ಲಿ ಬರುವುದು ಗೊತ್ತಾಗಿ ಹೊಡೆಯಲು ಬಂದಿದ್ದಾರೆ ಅಂತ ಅವನ ಲೆಕ್ಕ.

“ತಪ್ಪಾತ್ರಿ! ಇನ್ನೊಮ್ಮೆ ಅಲ್ಲಿ ಚೆಲ್ಲಂಗಿಲ್ರಿ!” ಅಂತ ಕೈ ಮುಗಿದ.

“ಚೆಲ್ಲತಿಯೇನಲೇ? ನಾವಿಲ್ಲಿ ಹನಿ ಹನಿಗೆ ಸಾಯಾಕತ್ತೀವಿ, ನೀ ಚೆಲ್ಲತಿ?” ಅಂತ ಜನ ಕೂಗಿದರು. “ಎಲ್ಲಾ ಇಲ್ಲೇ ಇಳಸು!”

“ಇಲ್ಲೇ?” ಅಂದ ಡ್ರೈವರ್.

“ಇಲ್ಲೇ!”

“ನಡು ಊರಾಗ?”

“ಇದರಾಗ!” ಅಂತ ಮುಂದಿದ್ದವನು ಕ್ಯಾನು ಮುಂದೆ ಹಿಡಿದ.

ಡ್ರೈವರ್ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ. ಅವನು ಇಳಿದು ಹಿಂದೆ ಹೋಗಿ ವಾಲ್ವು ತಿರುವಿದ. ಸಿಂಧನೂರಿನಲ್ಲಿ ನಾನು ಎಷ್ಟೋ ಪಾಳಿ ನೋಡಿದ್ದೇನೆ. ಮುಂದೆ ನಿಂತವನು ಹಿಂದಿನವರನ್ನೆಲ್ಲ ತಳ್ಳಿಕೊಂಡು ಕೊನೆಗೆ ಓಡಿದ ಪಾಳಿ ಅದೊಂದೇ.

ಮನೆಗೆ ಬಂದಾಗ ಅಪ್ಪ ಷರ್ಟು ಹಾಕಿಕೊಂಡು, ಲಾರಿ ಚಾವಿ ಕೈಯಲ್ಲಿ ಹಿಡಿದು ನಿಂತಿದ್ದ. “ಟ್ಯಾಂಕರ್ ಬಂತಂತಲ್ಲ?”

“ಬಂತು. ನಿನ್ನ ಗಾಡಿಗಿ ಅದು ಹೊಂದಂಗಿಲ್ಲ ಬಿಡಪ್ಪಾ” ಅಂದೆ. “ಷರ್ಟ್ ಕಳಿ.”

ಎತ್ತಿಗೆ ಬ್ರೇಕು

ನಮ್ಮ ಓಣಿಯ ಹುಡುಗನೊಬ್ಬನ ಮದುವೆ. ಕಾರಿಗೆ ಹೂವು ಕಟ್ಟಿಯಾಗಿತ್ತು, ಪೆಟ್ರೋಲ್ ಇರಲಿಲ್ಲ. ಮದುಮಗನನ್ನು ನಡೆಸಿಕೊಂಡು ಹೋದರೆ ಮರ್ಯಾದೆ ಹೋಗುತ್ತದೆ ಅಂತ ಅವನ ಸೋದರಮಾವ ದಢೇಸುಗೂರಿನಿಂದ ಒಂದು ಬಂಡಿ ತರಿಸಿದ. ಈಗ ನಮ್ಮ ಕಡೆ ಉಳುವುದು, ಹೇರುವುದು, ಕೊಯ್ಯುವುದು ಎಲ್ಲಾ ಮಷೀನು. ಎತ್ತು ಇಟ್ಟುಕೊಂಡವರು ಕಡಿಮೆ, ಇದ್ದರೂ ಕಾರಹುಣ್ಣಿಮೆಯ ಓಟಕ್ಕೆ ಅಂತ ಸಾಕಿರುತ್ತಾರೆ. ಬಂದ ಜೋಡಿ ಅಂಥದ್ದೇ. ಮೈ ಮೇಲೆ ನೊಣ ಕೂತರೆ ಜಾರಬೇಕು, ಹಾಗೆ ಮಿರುಗುತ್ತಿದ್ದವು.

ನೀರು ಕುಡಿಸುವಾಗ ಬಂಡಿ ತಂದವನ ಪಾದದ ಮೇಲೆ ಒಂದು ಎತ್ತು ಕಾಲಿಟ್ಟಿತು. ಅವನು ಕಾಲು ಹಿಡಿದುಕೊಂಡು ಕೂತುಬಿಟ್ಟ.

“ಡ್ರೈವರ್ ಯಾರರೆ ಇದ್ದಾರೇನ್ರಿ ಇಲ್ಲೆ?” ಅಂತ ಸೋದರಮಾವ ಕೇಳಿದ.

ಇಡೀ ಓಣಿ ನಮ್ಮಪ್ಪನ ಕಡೆ ಬೆರಳು ಮಾಡಿತು.

“ನಾ ಲಾರಿ ಡ್ರೈವರ್ ರೀ” ಅಂದ ಅಪ್ಪ.

“ಅಷ್ಟ ದೊಡ್ಡ ಗಾಡಿ ಹೊಡೀತಿರಿ, ಇದೇನು ಸಣ್ಣದು, ಹತ್ರಿ!”

ಅಪ್ಪ ಬಂಡಿಯನ್ನು ಒಂದು ಸುತ್ತು ಹಾಕಿ, ಗಾಲಿ ಒದ್ದು ನೋಡಿ, ಮೂಗುಹಗ್ಗ ಹಿಡಿದು ಕೂತ. ಹಿಂದೆ ಮದುಮಗ, ಅವನ ಹಿಂದೆ ಕೊಡೆ ಹಿಡಿದು ನಾನು. ಕಲ್ಯಾಣ ಮಂಟಪ ಅದೇ ರಸ್ತೆಯ ಮೇಲೆ, ಕೂಗಿದರೆ ಕೇಳಿಸುವಷ್ಟು ದೂರ. ಬ್ಯಾಂಡಿನವರು ಶುರು ಮಾಡಿದರು.

ಕಾರಹುಣ್ಣಿಮೆಯ ಎತ್ತಿನ ಹಿಂದೆ ಬಾಜಾ ಬಾರಿಸಿದರೆ ಏನಾಗುತ್ತದೆ ಅಂತ ಊರಿಗೆಲ್ಲ ಗೊತ್ತು. ಆದರೆ ಮದುವೆಯ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಎತ್ತಿಗೆ ನೆನಪಿತ್ತು.

ಬಂಡಿ ಹಾರಿತು. ಅಪ್ಪ ಎರಡೂ ಕಾಲು ಚಾಚಿ ಬ್ರೇಕ್ ಹುಡುಕಿದ. ಸಿಕ್ಕಿದ್ದು ಎತ್ತಿನ ಬೆನ್ನು, ಜೋರಾಗಿ ಒತ್ತಿದ. ಅದಕ್ಕೆ ಅದು ಇನ್ನೂ ಓಡು ಅಂದಂತೆ ಕೇಳಿಸಿತು.

“ಹಾರ್ನ್! ಹಾರ್ನ್ ಎಲ್ಲೈತಲೇ?” ಅಂತ ಅಪ್ಪ ಚೀರಿದ. ನಾನು ಬಾಯಿಂದಲೇ ಲಾರಿ ಹಾರ್ನ್ ಹೊಡೆದೆ. ಮಂದಿ ಸರಿದರು. ಮಂಟಪದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದ ಹೆಣ್ಣುಮಕ್ಕಳು ಕಂಡರು, ಹೋದರು. ಅಪ್ಪ ಬಲಗೈ ಹೊರಗೆ ಚಾಚಿ, ಬಲಕ್ಕೆ ತಿರುಗುತ್ತೇನೆ ಅಂತ ಹಿಂದಿನವರಿಗೆ ಸನ್ನೆ ಮಾಡಿದ. ಹಿಂದೆ ಯಾರೂ ಇರಲಿಲ್ಲ. ಎತ್ತು ಎಡಕ್ಕೆ ಹೋಯಿತು.

ಮದುಮಗ ಬಾಸಿಂಗ ಹಿಡಿದುಕೊಂಡು ಅಳುವ ದನಿಯಲ್ಲಿ “ಕಾಕಾ, ಇಲ್ಲೇ ಇಳಸ್ರಿ, ಇಲ್ಲೇ!” ಅಂದ.

“ಇಲ್ಲೆ ಸ್ಟಾಪ್ ಇಲ್ಲ!” ಅಂದೆ ನಾನು.

ಆಗ ಕೇಳಿಸಿತು. ಅಪ್ಪ ನಗುತ್ತಿದ್ದ. ನಮ್ಮಪ್ಪ ನಗುವುದು ನಾನು ಫೋನಿನಲ್ಲಿ ಕೇಳಿದ್ದೆ, ನೋಡಿರಲಿಲ್ಲ. ತಲೆ ಹಿಂದಕ್ಕೆ ಹಾಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾನೆ. ಮೇಲಿನ ಒಂದು ದವಡೆ ಹಲ್ಲಿಲ್ಲ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ, ಯಾವಾಗ ಬಿತ್ತೋ ಏನೋ. ಆ ಎತ್ತುಗಳು ಹಾಗೇ ಪುಣೆಯ ತನಕ ಓಡಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಅವು ಓಡಿದ್ದು ಊರ ಹೊರಗಿನ ತನಕ. ನೆರಳು ಕಂಡು ನೇರ ನಮ್ಮ ಬಂಕಿನೊಳಗೆ ನುಗ್ಗಿ, ಪಂಪಿನ ಮುಂದೆ ಬಂದು ಗಪ್ಪನೆ ನಿಂತವು. ಎದುರಿಗೆ ಎರಡು ಎತ್ತು, ಬಂಡಿ, ಬಾಸಿಂಗ ಕಟ್ಟಿದ ಮದುಮಗ, ಕೊಡೆ. ಮ್ಯಾನೇಜರ್ ಮೊಬೈಲಿನಿಂದ ತಲೆ ಎತ್ತಲೇ ಇಲ್ಲ.

“ಸ್ಟಾಕ್ ಇಲ್ಲ,” ಅಂದ, “ಮುಂದ ಹೋಗ್ರಿ.”

ಮಸ್ಕಿಯಲ್ಲಿ ನಿಂತ ಗಾಡಿ

ಕೊನೆಗೂ ನಿಜವಾದ ಟ್ಯಾಂಕರ್ ಬಂತು. ಮ್ಯಾನೇಜರ್ ಅದರ ಮುಂದೆ ಕಾಯಿ ಒಡೆದ, ಗಾಲಿಗೆ ನಿಂಬೆಹಣ್ಣು ಇಟ್ಟ, ನನ್ನ ಕೈಗೆ ಆರತಿ ಕೊಟ್ಟ. ನಾನು ಬೆಳಗಿದೆ.

“ಯಾಕಲೇ, ಮಣ್ಣಿಗೆ ಹೋಗಿ ಬಂದವರಂಗ ಮಾರಿ ಮಾಡೀದಿ?” ಅಂದ.

“ಹೊಗಿ ಕಣ್ಣಿಗೆ ಹೊಕ್ಕೈತ್ರಿ” ಅಂದೆ.

ಅಪ್ಪ ತಳದಲ್ಲಿ ಉಳಿದ ಚೂರಿನಲ್ಲೇ ಲಾರಿಯನ್ನು ಬಂಕಿನ ತನಕ ತಂದ. ಪೈಪು ಹಿಡಿದವನು ನಾನು. ನನಗೊಂದು ಆಲೋಚನೆ ಬಂದಿತ್ತು: ಸ್ವಲ್ಪವೇ ಹಾಕಬೇಕು. ಮುಂದೆ ಎಲ್ಲೋ ನಿಲ್ಲುತ್ತದೆ, ವಾಪಸ್ ಬರುತ್ತಾನೆ. ಆಲೋಚನೆ ಚೆನ್ನಾಗಿಯೇ ಇತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಬಿಸಿಲು, ಯಾರೂ ಇಲ್ಲದ ರಸ್ತೆ, ಹಿಂದಿನಿಂದ ಬರುವವರಿಗೆ ಕಾಣಲಿ ಅಂತ ಗಿಡದ ಟೊಂಗೆ ಮುರಿದು ಲಾರಿಯ ಹಿಂದೆ ಇಡುತ್ತಿರುವ ನಮ್ಮಪ್ಪ, ಒಬ್ಬನೇ. ಕೈ ಕೇಳಲಿಲ್ಲ. ಟ್ಯಾಂಕಿನ ಕುತ್ತಿಗೆ ತನಕ ತುಂಬಿಸಿದೆ.

“ಸಾಕಲೇ, ಚೆಲ್ಲತೈತಿ” ಅಂದ ಅಪ್ಪ.

“ಇರಲಿ” ಅಂದೆ.

ಹೋದ. ಆಮೇಲೆ ಬಂದ ಗಾಡಿಗಳಿಗೆಲ್ಲ ಹಾಕಿದೆ. ಎಲ್ಲರೂ ಎಲ್ಲೆಲ್ಲಿಗೋ ಹೋಗುವವರೇ. ಇಷ್ಟು ಮಂದಿಯನ್ನು ನಾನೇ ತುಂಬಿಸಿ ತುಂಬಿಸಿ ಕಳಿಸುತ್ತೇನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು ಅನಿಸಿತು.

ಊಟದ ಹೊತ್ತಿಗೆ ಫೋನು ಬಂತು.

“ಗಾಡಿ ನಿಂತೈತಿ” ಅಂದ ಅಪ್ಪ.

“ಎಲ್ಲಿ?”

“ಮಸ್ಕಿಯಾಗ.”

“ಏನಾತು?”

“ಡೀಸೆಲ್ ಮುಗೀತು.”

ಕುತ್ತಿಗೆ ತನಕ ತುಂಬಿದ ಟ್ಯಾಂಕು ಮಸ್ಕಿ ಮುಟ್ಟುವುದರೊಳಗೆ ಮುಗಿಯಬೇಕಾದರೆ ಲಾರಿ ಡೀಸೆಲ್ ಉರಿಸಿದರೆ ಸಾಲದು, ಕುಡಿದು ಉಗುಳಬೇಕು. ನಮ್ಮಪ್ಪ ಸುಳ್ಳು ಹೇಳಿದ್ದು ನಾನು ಆವರೆಗೆ ಕೇಳಿರಲಿಲ್ಲ. ರೂಢಿ ಇಲ್ಲದವನ ಸುಳ್ಳು, ಒಂದು ತಳವೂ ಇರಲಿಲ್ಲ ಅದಕ್ಕೆ.

“ಹೌದೇನು?” ಅಂದೆ.

“ಹೌದು. ಒಂದು ಕ್ಯಾನ್ ತಗೊಂಡ್ ಬಾ.”

ಮ್ಯಾನೇಜರಿಗೆ ಸೂಟಿ ಕೇಳಿದೆ. “ಲೇ, ಈಗ ನೀನ ಫುಲ್ ಮಾಡಿ ಕಳಿಸಿದೆಲ್ಲೋ!” ಅಂದ.

“ಹೌದ್ರಿ. ಮಸ್ಕಿಗೇ ಮುಗೀತು. ನಮ್ಮ ಬಂಕಿನ ಅಳತಿ ಬಗ್ಗೆ ನಾ ಯಾರ ಮುಂದೂ ಏನೂ ಹೇಳಂಗಿಲ್ಲ ಬಿಡ್ರಿ” ಅಂದೆ. ಅವನೇ ತನ್ನ ಸ್ಕೂಟಿಯಲ್ಲಿ ಬಸ್‌ಸ್ಟ್ಯಾಂಡಿನ ತನಕ ಬಿಟ್ಟುಬಂದ.

ಬಸ್ಸಿನಲ್ಲಿ ಕಂಡಕ್ಟರ್ ನನ್ನ ಕ್ಯಾನ್ ನೋಡಿದ. “ಏನೈತಿ ಇದರಾಗ? ಎಣ್ಣಿ-ಗಿಣ್ಣಿ ಬಸ್ಸಿನ್ಯಾಗ ನಡಿಯಂಗಿಲ್ಲ.”

“ಏನಿಲ್ರಿ, ಖಾಲಿ ಐತಿ.” ಮುಚ್ಚಳ ತೆಗೆದು ತೋರಿಸಿದೆ.

“ಖಾಲಿ ಕ್ಯಾನ್ ಎಲ್ಲಿಗಿ ಒಯ್ಯಾಕತ್ತಿ?”

“ಮಸ್ಕಿಯಾಗ ನಮ್ಮಪ್ಪನ ಗಾಡಿ ನಿಂತೈತ್ರಿ. ಡೀಸೆಲ್ ಹಾಕಬೇಕು.”

ಕಂಡಕ್ಟರ್ ನನ್ನನ್ನು ಒಂದು ಸಲ, ಕ್ಯಾನನ್ನು ಒಂದು ಸಲ ನೋಡಿ, ಟಿಕೆಟ್ ಹರಿದು ಕೊಟ್ಟು, ಮಸ್ಕಿ ಬರುವ ತನಕ ನನ್ನ ಸೀಟಿನ ಕಡೆ ಮತ್ತೆ ಬರಲಿಲ್ಲ.

ಮಸ್ಕಿಯಲ್ಲಿ ಇಳಿದು ಊರು ದಾಟಿ ನಡೆದರೆ, ಒಂದು ಬೇವಿನ ಗಿಡದ ಕೆಳಗೆ ಲಾರಿ ನಿಂತಿತ್ತು. ಅಪ್ಪ ಕಾಗದದಲ್ಲಿ ಮಿರ್ಚಿ ಕಟ್ಟಿಸಿಕೊಂಡು ಗಾಲಿಗೆ ಒರಗಿ ಕೂತಿದ್ದ. ಒಂದನ್ನೂ ಮುಟ್ಟಿರಲಿಲ್ಲ. ನನ್ನ ಕಂಡು ಎದ್ದು ನಿಂತ. ಕ್ಯಾನ್ ಹಗುರಾಗಿ ಬೆರಳಲ್ಲಿ ತೂಗಾಡುತ್ತಿರುವುದು ಅವನಿಗೆ ಕಾಣದೆ ಇರಲಿಲ್ಲ.

“ತಂದ್ಯಾ?”

“ತಂದೆ. ಭಾಳ ಭಾರ ಇತ್ತು” ಅಂದೆ.

ಅಪ್ಪ ಟ್ಯಾಂಕಿನ ಮುಚ್ಚಳ ತೆಗೆದ. ಬಾಯಿ ತನಕ ಡೀಸೆಲ್ ನಿಂತಿತ್ತು, ನನ್ನ ಮುಖ ಅದರಲ್ಲಿ ಕಾಣುತ್ತಿತ್ತು. ಇಬ್ಬರೂ ಬಗ್ಗಿ ನೋಡಿದೆವು.

“ಒಂದು ಹನಿ ಇಲ್ಲ” ಅಂದ ಅಪ್ಪ.

“ಒಣಗೈತಿ” ಅಂದೆ ನಾನು.

ಖಾಲಿ ಕ್ಯಾನನ್ನು ಎರಡೂ ಕೈಯಲ್ಲಿ ಕಷ್ಟಪಟ್ಟು ಎತ್ತಿ, ಮೆಲ್ಲಗೆ ಬಗ್ಗಿಸಿ ಹುಯ್ಯತೊಡಗಿದೆ. ಬಾಯಿಂದ ಗಟಗಟ ಅಂತ ಸಪ್ಪಳವನ್ನೂ ಮಾಡಿದೆ. ಅಪ್ಪ ಚೆಲ್ಲಬಾರದು ಅಂತ ಕೆಳಗೆ ಕೈ ಒಡ್ಡಿದ.

ಮುಷ್ಕರ ಮುಗಿದರೂ ಜನಕ್ಕೆ ಕ್ಯಾನ್ ಕಂಡರೆ ಇನ್ನೂ ಕಾಲು ನಿಲ್ಲುತ್ತಿರಲಿಲ್ಲ. ಎಲ್ಲಿಂದ ಬಂದರೋ, ಬಾಟಲಿ ಹಿಡಿದು ನಾಲ್ಕಾರು ಮಂದಿ ಸುತ್ತ ನಿಂತರು. “ನಮಗೂ ಒಂದೀಟು ಉಳಸಲೇ ತಮ್ಮಾ” ಅಂದ ಒಬ್ಬ. ಒಬ್ಬ ಮುದುಕ ಮುಂದೆ ಬಂದು ಕ್ಯಾನಿನ ಬಾಯಿಗೆ ಕಣ್ಣಿಟ್ಟು ನೋಡಿದ. ಮತ್ತೆ ಕನ್ನಡಕ ಒರೆಸಿಕೊಂಡು ನೋಡಿದ.

“ಏನೂ ಬೀಳವಲ್ದಲ್ಲೋ!” ಅಂದ.

ನಮ್ಮಪ್ಪ ಅವನ ಕಡೆ ತಿರುಗಿದ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

“ಹೊಸಾ ಸ್ಟಾಕ್ ರೀ ಯಜಮಾನ್ರ,” ಅಂದ, “ಭಾಳ ತೆಳ್ಳಗ ಬರಾಕತ್ತೈತಿ.”

ಮುದುಕ ತಲೆ ಆಡಿಸಿದ. “ಎಲ್ಲಾದರಾಗೂ ಕಲಬೆರಕಿ” ಅಂತ ಬೈಯುತ್ತ ಹೋದ. ಮಂದಿಯೂ ಹೋದರು. ನಾವಿಬ್ಬರೂ ಲಾರಿಯ ನೆರಳಲ್ಲಿ ಕೂತು ಮಿರ್ಚಿ ತಿಂದೆವು. ತಣ್ಣಗಾಗಿದ್ದವು. ಕಾಗದ ಖಾಲಿಯಾದ ಮೇಲೂ ಅಪ್ಪ ಅದನ್ನು ಮಡಚುತ್ತ, ಬಿಚ್ಚುತ್ತ ಕೂತ. ಆಮೇಲೆ ಲುಂಗಿ ಕೊಡವಿ ಎದ್ದು ಕ್ಯಾಬಿನ್ ಹತ್ತಿದ. ಸ್ಟೇರಿಂಗ್ ಹಿಡಿದು ಮುಂದಿನ ರಸ್ತೆ ನೋಡುತ್ತ, ತನಗೆ ತಾನೇ ಅಂದುಕೊಂಡಂತೆ ಅಂದ:

“ಲಿಂಗಸುಗೂರಾಗ ಮತ್ತ ಮುಗದ್ರ ಏನ್ಮಾಡೂದು?”

ನಾನು ಕ್ಯಾನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ.

“ಇನ್ನಾ ಅರ್ಧ ಐತೆಪ್ಪಾ” ಅಂದು, ಆ ಕಡೆಯ ಬಾಗಿಲು ತೆಗೆದು ಹತ್ತಿ ಕೂತೆ.